ಸ್ವಲೀನತೆಯುಳ್ಳ ನಮ್ಮ ಹೆಣ್ಣುಮಕ್ಕಳ ಉಚ್ಚ ಶಿಕ್ಷಣ

ಹೆಣ್ಣುಮಕ್ಕಳಿಗೆ ಓದು ಬೇಕೋ ಬೇಡವೋ ಎಂಬ ವಾದವು ನಮ್ಮ ಅಜ್ಜಿ ಮುತ್ತಜ್ಜಿಯರ ಕಾಲದಲ್ಲಿ ಈ ಸೀಮೆಯ ಮನೆಮನೆಗಳಲ್ಲಿಯೂ ನಡೆಯುತ್ತಿದ್ದಿತು. ಇಂದು ವಿಜಯಪುರ ನಗರದಲ್ಲಾಗಲಿ, ತಿಕೋಟಾ ಬಬಲೇಶ್ವರಗಳಲ್ಲಾಗಲಿ ಆ ವಾದವನ್ನು ಎತ್ತುವವರು ವಿರಳರಾಗಿದ್ದಾರೆ. ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದ ಕೂಡಲೆ ಮಗಳು ಮುಂದೆ ಏನನ್ನು ಓದುವಳೆಂಬ ಪ್ರಶ್ನೆಯೇ ಎಲ್ಲ ಕಡೆಯಲ್ಲಿಯೂ ಕೇಳಬರುತ್ತದೆ. ಆದರೆ ಈ ಪ್ರಶ್ನೆಯನ್ನು ಯಾರೂ ಕೇಳದಿರುವ ಕೆಲವು ಮನೆಗಳು ನಮ್ಮ ನೆರೆಯಲ್ಲಿಯೇ ಇರುವವು. ಆ ಮನೆಗಳಲ್ಲಿ ಸ್ವಲೀನತೆಯುಳ್ಳ ಮಗಳೊಬ್ಬಳಿರುವಳು. ಬಂಧುಗಳು ಬಂದಾಗ ಅವಳ ಅಣ್ಣನ ಓದನ್ನು ವಿಚಾರಿಸುವರು, ತಂಗಿಯ ಅಂಕಗಳನ್ನು ವಿಚಾರಿಸುವರು. ಅವಳ ಸರದಿ ಬಂದಾಗ ಮಾತು ಬೇರೆ ಕಡೆಗೆ ತಿರುಗುವದು. ನಮ್ಮ ಶಾಲೆಯ ಈ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರ ಪರವಾಗಿ ಏನಾದರೂ ಬರೆಯಬೇಕೆಂದು ಕೇಳಿಕೊಂಡಾಗ ನಾವು ಆ ಮಗಳ ವಿಷಯವನ್ನೇ ಆರಿಸಿಕೊಂಡೆವು.

ಪುಸ್ತಕಗಳಲ್ಲಿ ಸ್ವಲೀನತೆಯೆಂದೂ ವೈದ್ಯರ ಬಾಯಲ್ಲಿ ಆಟಿಸಂ ಎಂದೂ ಕರೆಯಲ್ಪಡುವ ಈ ಸ್ಥಿತಿಯು ಅಂಟುರೋಗವಲ್ಲ; ತಾಯಿಯ ಸಾಕಣೆಯ ದೋಷದಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲಿಯೇ ಇರುವ ಒಂದು ಭೇದವಿದು. ಇದರೊಡನೆ ಕೆಲವರಿಗೆ ಬುದ್ಧಿಯ ಬೆಳವಣಿಗೆಯಲ್ಲಿ ಕೊರತೆಯಿರಬಹುದು, ಅನೇಕರಿಗೆ ಇರುವದಿಲ್ಲ. 1943ರಲ್ಲಿ ಅಮೇರಿಕೆಯ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಂದಿನಿಂದ ಇದರ ವಿಷಯವಾಗಿ ವಿದ್ಯಾವಂತರ ಲಕ್ಷ್ಯವು ಹರಿಯಿತು. 2021ರಲ್ಲಿ ಲೋಕದ ಸುಮಾರು 127 ಜನರಿಗೆ ಒಬ್ಬರಂತೆ ಸ್ವಲೀನತೆಯುಳ್ಳವರು ಇದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ಹೀಗಿರುವಲ್ಲಿ ನಮ್ಮ ಶಾಲೆಯ ಪ್ರಾರ್ಥನೆಯ ಗಂಟೆಗೆ ಸಾಲಾಗಿ ನಿಲ್ಲುವ ಹುಡುಗಿಯರಲ್ಲಿ ಅಂಥವರು ಯಾವ ವರ್ಷವೂ ಇರಲೇ ಇಲ್ಲವೆಂದು ಹೇಳುವದು ಹೇಗೆ? ನಾವು ಗುರುತಿಸಲಿಲ್ಲ, ಅಷ್ಟೆ. ಕ್ಯಾನರರ 11 ಮಕ್ಕಳಲ್ಲಿ ಹುಡುಗಿಯರು ಮೂವರೇ ಇದ್ದರು. ಹುಡುಗಿಯರಲ್ಲಿ ಸ್ವಲೀನತೆಯು ತಡವಾಗಿ ಗುರುತಿಗೆ ಬರುವದೆಂಬದು ಇಂದು ಬಲ್ಲವರೆಲ್ಲರೂ ಒಪ್ಪುವ ಮಾತು. ಹುಡುಗಿಯು ಸುಮ್ಮನಿದ್ದರೆ ವಿನಯವಂತಳೆನ್ನುವೆವು. ಗೆಳತಿಯರನ್ನು ನೋಡಿ ಅವರಂತೆ ನಗುವದನ್ನು ಅವಳು ಕಷ್ಟಪಟ್ಟು ಕಲಿತರೆ ಎಲ್ಲವೂ ಸರಿಯಾಗಿದೆಯೆನ್ನುವೆವು. ಅವಳು ಮನೆಗೆ ಹೋಗಿ ಕೋಣೆಯ ಬಾಗಿಲಿಕ್ಕಿಕೊಂಡು ಅಳುವದು ಶಾಲೆಗೆ ತಿಳಿಯುವದಿಲ್ಲ.

ನಮ್ಮೂರಿನ ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ನಿಂತು ಚಪ್ಪಾಳೆ ತಟ್ಟದವರು ವಾಚಕರಲ್ಲಿ ಯಾರೂ ಇರಲಿಕ್ಕಿಲ್ಲ. ಒಂದು ಚಪ್ಪಾಳೆಯು ಹಲವು ಸಲ ಮರಳಿ ಬರುವದು. ಎದುರು ಗೋಡೆಯ ಬಳಿ ನಿಂತವರ ಪಿಸುಮಾತು ನಮ್ಮ ಕಿವಿಯಲ್ಲಿಯೇ ಆಡಿದಂತೆ ಕೇಳುವದು. ನಮಗೆ ಅದು ಅರ್ಧ ಗಳಿಗೆಯ ವಿನೋದ. ಸ್ವಲೀನತೆಯುಳ್ಳ ಅನೇಕ ಮಕ್ಕಳಿಗಾದರೋ ತುಂಬಿದ ತರಗತಿಯೆಂಬದು ದಿನವೆಲ್ಲ ಅಂಥದೊಂದು ಮೊಗಸಾಲೆ. ಪಂಖದ ಸದ್ದು, ಬೆಂಚು ಎಳೆಯುವ ಸದ್ದು, ಹಿಂದಿನ ಸಾಲಿನ ನಗೆ, ಗುರುಗಳ ಮಾತು, ಇವೆಲ್ಲವೂ ಒಂದೇ ಬಲದಿಂದ ಅವರ ಮೇಲೆ ಬೀಳುವವು. ಪಾಠವನ್ನು ತಿಳಿದುಕೊಳ್ಳುವ ಶಕ್ತಿಯು ಅವರಲ್ಲಿದ್ದರೂ ಆ ಶಕ್ತಿಯೆಲ್ಲವೂ ಸದ್ದನ್ನು ತಾಳಿಕೊಳ್ಳುವದರಲ್ಲಿಯೇ ವ್ಯಯವಾಗುವದು. ಇಂಥವರಿಗೆ ಮನೆಯಲ್ಲಿಯೇ ಕುಳಿತು, ತಮ್ಮ ವೇಗದಲ್ಲಿ ಓದಿ ಪದವಿಯನ್ನು ಪಡೆಯುವ ಮಾರ್ಗವೊಂದಿದ್ದರೆ ಅದು ಅವರಿಗೆ ಹಿತವಾಗಬಹುದೆಂದು ಯಾರಿಗಾದರೂ ತೋರುವದು ಸಹಜವೇ.

ಅಂಥ ಮಾರ್ಗವು ಇರುತ್ತದೆ, ಮತ್ತು ಅದು ಹೊಸತೂ ಅಲ್ಲ. ಲಂಡನ್ ವಿಶ್ವವಿದ್ಯಾಲಯವು 1858ರಲ್ಲಿಯೇ, ಎಲ್ಲಿ ಓದಿದವರಾದರೂ ತನ್ನ ಪರೀಕ್ಷೆಗೆ ಕೂಡ್ರಬಹುದೆಂದು ಬಾಗಿಲನ್ನು ತೆರೆಯಿತು. ನಮ್ಮ ದೇಶದಲ್ಲಿ ದಿಲ್ಲಿ ವಿಶ್ವವಿದ್ಯಾಲಯವು 1962ರಲ್ಲಿ ಅಂಚೆಯ ಮೂಲಕ ಪಾಠಗಳನ್ನು ಕಳಿಸಲಾರಂಭಿಸಿತು. ಕರ್ನಾಟಕದಲ್ಲಿ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯವು ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಇಡೀ ದೇಶಕ್ಕಾಗಿ 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋವಿನ, ಪ್ರಾದೇಶಿಕ ಕೇಂದ್ರವೊಂದು ನಮ್ಮ ವಿಜಯಪುರದಲ್ಲಿಯೇ ಇರುವದು. ಈ ಎರಡು ವಿಶ್ವವಿದ್ಯಾಲಯಗಳ ಹೆಸರನ್ನು ಎಲ್ಲರೂ ಕೇಳಿರುವರು. ಆದರೆ ಅವುಗಳ ನಿಯಮಗಳು ಸ್ವಲೀನತೆಯುಳ್ಳ ಮಗಳಿಗೆ ಎಲ್ಲಿ ಅನುಕೂಲ, ಎಲ್ಲಿ ಪ್ರತಿಕೂಲವೆಂಬದನ್ನು ಕುಳಿತು ವಿಚಾರಿಸಿದ ಪಾಲಕರು ಸ್ವಲ್ಪ.

ಅನುಕೂಲಗಳನ್ನು ಮೊದಲು ಹೇಳುವೆವು. ಇಗ್ನೋವಿನಲ್ಲಿ ಮೂರು ವರ್ಷದ ಪದವಿಯನ್ನು 6 ವರ್ಷಗಳ ವರೆಗೆ ನಿಧಾನವಾಗಿ ಮುಗಿಸಬಹುದು. ಪರೀಕ್ಷೆಗಳು ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರ್ ತಿಂಗಳಲ್ಲಿ ನಡೆಯುವವು. ಸಿದ್ಧತೆಯಿಲ್ಲದ ವಿಷಯವನ್ನು ಮುಂದಿನ ಸಲಕ್ಕೆ ಬಿಡಬಹುದು. ಸಾಮಾನ್ಯವಾಗಿ 100 ಅಂಕಗಳಲ್ಲಿ 30 ಮನೆಯಲ್ಲಿ ಬರೆದು ಒಪ್ಪಿಸುವ ಅಭ್ಯಾಸಗಳಿಗೂ 70 ಪರೀಕ್ಷೆಗೂ ಸಲ್ಲುವವು. ಪಾಠಗಳೆಲ್ಲವೂ ಅಚ್ಚಾದ ಪುಸ್ತಕಗಳಾಗಿ ಕೈಸೇರುವದರಿಂದ ಒಂದೇ ಪುಟವನ್ನು ಹತ್ತು ಸಲ ಓದಿದರೂ ಬೇಸರಪಡುವವರು ಯಾರೂ ಇಲ್ಲ. ಇಗ್ನೋವಿನ ಪುಸ್ತಕಗಳು ಬಹುತೇಕ ಇಂಗ್ಲಿಷ್ ಹಿಂದಿಗಳಲ್ಲಿರುವವು. ಕನ್ನಡದಲ್ಲಿಯೇ ಓದಿ ಬಂದ ಮಗಳಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯವು ಹತ್ತಿರವೆನಿಸುವದು, ಅಲ್ಲಿ ಬಿ.ಎ. ಪದವಿಯನ್ನು ಕನ್ನಡದಲ್ಲಿ ಓದಿ ಬರೆಯಬಹುದು. ಶಾಲೆಯನ್ನೇ ನಡುವೆ ಬಿಟ್ಟ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ಮತ್ತು ಹನ್ನೆರಡನೆಯ ಇಯತ್ತೆಯ ಪರೀಕ್ಷೆಗಳಿರುವವು. ಅಲ್ಲಿ ಒಮ್ಮೆ ಹೆಸರು ನೋಂದಿಸಿದರೆ 5 ವರ್ಷಗಳಲ್ಲಿ 9 ಅವಕಾಶಗಳು ದೊರೆಯುವವು. 2017ರಲ್ಲಿ ಕೇಂದ್ರ ಸರಕಾರವು ತೆರೆದ ಸ್ವಯಂ ಎಂಬ ಜಾಲತಾಣದ ಪಾಠಗಳನ್ನು ಕೇಳಲಿಕ್ಕೆ ಶುಲ್ಕವಿಲ್ಲ; ಪದವಿಗೆ ಸೇರುವ ಮೊದಲು ಮಗಳಿಗೆ ಈ ಬಗೆಯ ಓದು ಒಗ್ಗುವದೋ ಇಲ್ಲವೋ ಎಂದು ಒಂದು ಪಾಠಮಾಲೆಯಿಂದ ಪರೀಕ್ಷಿಸಿ ನೋಡಲಿಕ್ಕೆ ಅದು ಒಳ್ಳೆಯದು. ದೂರ ಶಿಕ್ಷಣದ ಪದವಿಗೆ ಬೆಲೆಯಿಲ್ಲವೆಂದು ಹಲವರು ಇನ್ನೂ ಹೇಳುವರು. ಮಾನ್ಯತೆಯುಳ್ಳ ವಿಶ್ವವಿದ್ಯಾಲಯವು ದೂರ ಶಿಕ್ಷಣದಿಂದ ಕೊಡುವ ಪದವಿಯು ಕಾಲೇಜಿನಲ್ಲಿ ಕುಳಿತು ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿರುವದು.

ಇನ್ನು ಎಚ್ಚರಿಕೆಗಳು. ಮಾನ್ಯತೆಯುಳ್ಳ ಎಂಬ ಮಾತನ್ನು ಅಡಿಗೆರೆಯೆಳೆದು ಓದಬೇಕು. 2012–13ರ ನಂತರದ ತರಗತಿಗಳಿಗೆ ಮಾನ್ಯತೆಯಿಲ್ಲವೆಂದು 2015ರಲ್ಲಿ ಆಯೋಗವು ಪ್ರಕಟಿಸಿದಾಗ ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯದ ಅಸಂಖ್ಯ ವಿದ್ಯಾರ್ಥಿಗಳು ಕಂಗಾಲಾದರು. 2018ರಲ್ಲಿ ಮಾನ್ಯತೆಯು ಮರಳಿ ದೊರೆಯಿತು. ಆದದರಿಂದ ಯಾವ ವಿಶ್ವವಿದ್ಯಾಲಯಕ್ಕೇ ಆಗಲಿ, ಹಣ ತುಂಬುವ ಮೊದಲು ಆ ವರ್ಷಕ್ಕೆ ಆ ಪದವಿಗೆ ಮಾನ್ಯತೆಯಿರುವದೋ ಎಂದು ಆಯೋಗದ ಪಟ್ಟಿಯಲ್ಲಿ ನೋಡಿಕೊಳ್ಳತಕ್ಕದ್ದು. ಎಲ್ಲ ವಿದ್ಯೆಗಳೂ ದೂರ ಶಿಕ್ಷಣದಲ್ಲಿ ದೊರೆಯವೆಂಬದೂ ನೆನಪಿರಲಿ. ವೈದ್ಯಕೀಯ, ಎಂಜಿನಿಯರಿಂಗ್, ಶುಶ್ರೂಷೆ, ಔಷಧಶಾಸ್ತ್ರ, ಕಾನೂನು ಇವುಗಳನ್ನು ಈ ಮಾರ್ಗದಿಂದ ಓದಗೊಡುವದಿಲ್ಲ. ಮನಶ್ಶಾಸ್ತ್ರ, ಆಹಾರ ಮತ್ತು ಪೋಷಣಶಾಸ್ತ್ರ ಮುಂತಾದವನ್ನೂ 2025ರಲ್ಲಿ ನಿಲ್ಲಿಸಿದರು. ಪ್ರಯೋಗಶಾಲೆಯುಳ್ಳ ವಿಷಯಗಳಿಗೆ ಕೇಂದ್ರಕ್ಕೆ ಹೋಗಿ ಹಾಜರಿ ಕೊಡಲೇಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಓದು ಮನೆಯಲ್ಲಾದರೂ ಪರೀಕ್ಷೆಯು ಮನೆಯಲ್ಲಲ್ಲ. ಅಪರಿಚಿತ ಊರು, ಅಪರಿಚಿತ ಕೋಣೆ, ಅಪರಿಚಿತ ಮುಖಗಳ ನಡುವೆ ಮೂರು ತಾಸು ಕುಳಿತು ಬರೆಯಬೇಕು. ವರ್ಷವೆಲ್ಲ ಶಾಂತವಾಗಿ ಓದಿದ ಮಗಳು ಅದೊಂದು ದಿನ ಬಾಗಿಲಿನಿಂದಲೇ ಹಿಂದಿರುಗುವದುಂಟು.

ಈ ವಿಷಯದಲ್ಲಿ ಕಾನೂನು ಮಗಳ ಪಕ್ಷದಲ್ಲಿರುವದು. 1995ರ ಅಂಗವಿಕಲರ ಕಾನೂನಿನಲ್ಲಿ ಸ್ವಲೀನತೆಯ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಲ್ಲಿ ಹೆಸರಿಸಿದ 21 ಬಗೆಗಳಲ್ಲಿ ಅದೂ ಒಂದು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಪ್ರಮಾಣವಿದೆಯೆಂದು ಪ್ರಮಾಣಪತ್ರ ಪಡೆದವರಿಗೆ ಸರಕಾರದ ಹಾಗೂ ಸರಕಾರದ ಅನುದಾನ ಪಡೆಯುವ ಉಚ್ಚ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಕಾದಿಡಬೇಕು. ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆಯನ್ನೂ ಕೊಡಬೇಕು. ಲಿಖಿತ ಪರೀಕ್ಷೆಗಳ ಬಗೆಗೆ 2018ರಲ್ಲಿ ಹೊರಟ ಮಾರ್ಗಸೂಚಿಗಳಂತೆ ಇಂಥವರಿಗೆ ಪ್ರತಿ ತಾಸಿಗೆ 20 ನಿಮಿಷಗಳಿಗೆ ಕಡಿಮೆಯಿಲ್ಲದ ಹೆಚ್ಚಿನ ಕಾಲವು ಸಲ್ಲುವದು. ಬರೆಯುವದಕ್ಕೆ ತೊಂದರೆಯಿದೆಯೆಂದು ವೈದ್ಯಾಧಿಕಾರಿಯು ಬರೆದುಕೊಟ್ಟಲ್ಲಿ ಬರೆಗಾರರ ನೆರವೂ ದೊರೆಯುವದು. ಆದರೆ ಇವು ಕೇಳದೆ ಬರತಕ್ಕವಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಅಂಗವಿಕಲರ ಗುರುತಿನ ಚೀಟಿಯನ್ನು ಪಡೆದಿರಬೇಕು. ಪರೀಕ್ಷೆಗೆ ಬಹಳ ಮುಂಚೆ ಲಿಖಿತವಾಗಿ ಅರ್ಜಿ ಕೊಡಬೇಕು. ಮಗಳ ಸ್ಥಿತಿಯನ್ನು ಇನ್ನೂ ನಿರ್ಧರಿಸಿಕೊಂಡಿಲ್ಲದವರು ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಗಾಗಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಾಗಲಿ ಹೋಗಬಹುದು. ಚೀಟಿ ಮಾಡಿಸಿದರೆ ಹೆಣ್ಣುಮಗಳಿಗೆ ಹೆಸರು ಬರುವದೆಂದು ಅಂಜಿ ಸುಮ್ಮನಿರುವ ಪಾಲಕರನ್ನು ನಾವು ಬಲ್ಲೆವು. ಅವರ ಅಂಜಿಕೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ಆದರೆ ಚೀಟಿಯಿಲ್ಲದೆ ಮಗಳು ಪರೀಕ್ಷೆಯ ಕೋಣೆಯಲ್ಲಿ ಕಾಲ ಸಾಲದೆ ಬರಿಗೈಯಲ್ಲಿ ಎದ್ದುಬಂದರೆ ಆ ನಷ್ಟವನ್ನು ಅನುಭವಿಸುವವಳು ಅವಳೇ.

ಇಷ್ಟು ಹೇಳಿದ ಮೇಲೆ ನಮ್ಮ ಅಭಿಪ್ರಾಯಕ್ಕೆ ಬರುವೆವು. ಅದಕ್ಕೆ ನಾವು ಕಂಡ ಎರಡು ಮನೆಗಳ ಸಂಗತಿಯನ್ನು ಹೇಳುವದು ಅವಶ್ಯ.

ಮೊದಲನೆಯದು ತಿಕೋಟಾ ಕಡೆಯ ದ್ರಾಕ್ಷಿತೋಟದ ಮನೆ. ಅಲ್ಲಿಯ ಮಗಳು ನಗರದ ಕಾಲೇಜಿಗೆ ಸೇರಿ ದಿನಾಲು ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಮೂರು ವಾರಗಳಾದ ಮೇಲೆ ಅವಳು ಊಟ ಬಿಟ್ಟಳು, ನಿದ್ರೆ ಬಿಟ್ಟಳು. ತಾಯಿಯು ಗದರಿಸಲಿಲ್ಲ, ಮುದ್ದಿಸಲೂ ಇಲ್ಲ. ಒಂದು ಹಾಳೆಯನ್ನು ಮುಂದಿಟ್ಟು, ಏನು ಬೇಡ, ಏನು ಬೇಕು ಎಂದು ಬರೆಯೆಂದಳು. ಬಸ್ಸು ಬೇಡ, ಗದ್ದಲ ಬೇಡ, ಇತಿಹಾಸ ಬೇಕು ಎಂದು ಮಗಳು ಬರೆದಳು. ಅವಳನ್ನು ದೂರ ಶಿಕ್ಷಣದ ಬಿ.ಎ. ತರಗತಿಗೆ ಸೇರಿಸಿದರು. ತಾಯಿಯು ಗೋಡೆಯ ಮೇಲೆ ವೇಳಾಪತ್ರಿಕೆಯೊಂದನ್ನು ಅಂಟಿಸಿದಳು. ಪರೀಕ್ಷೆಗೆ ಒಂದು ದಿನ ಮುಂಚೆ ಮಗಳನ್ನು ಕರೆದುಕೊಂಡು ಹೋಗಿ ಕೋಣೆಯನ್ನೂ ಬಾಗಿಲನ್ನೂ ನೀರಿನ ಸ್ಥಳವನ್ನೂ ತೋರಿಸಿದಳು. ಒಂದು ಪತ್ರಿಕೆಯ ದಿನ ಹೊರಗೆ ಧ್ವನಿವರ್ಧಕದ ಮೆರವಣಿಗೆಯು ಹೊರಟು ಮಗಳು ಒಳಗೆ ಕಾಲಿಡಲಿಲ್ಲ. ಮುಂದಿನ ಸಲ ಆ ಪತ್ರಿಕೆಯನ್ನು ಬರೆದು ತೇರ್ಗಡೆಯಾದಳು. ಕಾಲೇಜಿನಲ್ಲಾಗಿದ್ದರೆ ಅಂದಿನ ಸೋಲು ಎಲ್ಲರ ಬಾಯಲ್ಲಿಯೂ ಬೀಳುತ್ತಿತ್ತು. ಇಲ್ಲಿ ಅದರಿಂದ ಕೆಲವು ತಿಂಗಳುಗಳ ಹೊರತು ಬೇರೇನೂ ಹೋಗಲಿಲ್ಲ.

ಎರಡನೆಯದು ಬಬಲೇಶ್ವರ ಕಡೆಯ ಮನೆ. ಅಲ್ಲಿಯ ಮಗಳೂ ಹನ್ನೆರಡನೆಯ ಇಯತ್ತೆಯನ್ನು ಚೆನ್ನಾಗಿ ಮುಗಿಸಿದವಳು. ತಂದೆಯು ಒಂದು ಕಾಲೇಜಿನಲ್ಲಿ ವಿಚಾರಿಸಲಾಗಿ, ಇಂಥ ಮಕ್ಕಳಿಗೆ ದೂರ ಶಿಕ್ಷಣವೇ ಯೋಗ್ಯವೆಂದು ಅಲ್ಲಿಯವರು ಹೇಳಿ ಕಳಿಸಿದರು. ಅದರಂತೆ ಹೆಸರು ನೋಂದಿಸಿದ್ದಾಯಿತು, ಪುಸ್ತಕಗಳ ಕಟ್ಟು ಬಂದದ್ದಾಯಿತು. ಎಂಟು ತಿಂಗಳ ಮೇಲೆ ನಾವು ಹೋದಾಗ ಆ ಕಟ್ಟು ಬಿಚ್ಚದೆ ಕಪಾಟಿನ ಮೇಲಿದ್ದಿತು. ಮಗಳಿಗೆ ಓದಿನಲ್ಲಿ ಆಸೆಯಿಲ್ಲವೆಂದು ಮನೆಯವರು ಹೇಳಿದರು. ಆದರೆ ಆ ಹುಡುಗಿಗೆ ವಿಜಯಪುರದ ದಾರಿಯ ಬಸ್ಸುಗಳೆಲ್ಲದರ ವೇಳೆಯು ಬಾಯಿಪಾಠವಾಗಿತ್ತು. ಯಾವ ಬಸ್ಸು ಎಷ್ಟು ನಿಮಿಷ ತಡವೆಂಬದನ್ನು ಕಿಟಕಿಯಲ್ಲಿ ಕುಳಿತು ದಿನಾಲು ಒಂದು ವಹಿಯಲ್ಲಿ ಬರೆದಿಡುತ್ತಿದ್ದಳು. ನಮ್ಮಲ್ಲೊಬ್ಬಳು ಅವಳ ಪಕ್ಕದಲ್ಲಿ ಬಹಳ ಹೊತ್ತು ಕುಳಿತಿದ್ದು, ಬೆಳಗಿನ ಯಾವ ಬಸ್ಸಿನಲ್ಲಿ ಜನ ಕಡಿಮೆಯೆಂದು ಕೇಳಿದಳು. ಅವಳು ಕೂಡಲೆ ಉತ್ತರ ಕೊಟ್ಟು, ಆ ವಹಿಯ ಕೊನೆಯ ಹಾಳೆಯನ್ನು ತೆರೆದು ತೋರಿಸಿದಳು. ಕಾಲೇಜು ಆರಂಭವಾಗುವ ದಿನ ತಾನು ಏರಬೇಕಾದ ಬಸ್ಸು, ಮರಳುವ ಬಸ್ಸು, ಎರಡನ್ನೂ ಅವಳು ವರ್ಷದ ಹಿಂದೆಯೇ ಬರೆದಿಟ್ಟುಕೊಂಡಿದ್ದಳು. ಅವಳನ್ನು ಕೇಳಿದವರು ಯಾರೂ ಇರಲಿಲ್ಲ.

ಈ ಎರಡು ಮನೆಗಳಲ್ಲಿ ದೊರೆತ ಶಿಕ್ಷಣವು ಒಂದೇ, ನೋಂದಣಿಯ ನಿಯಮಗಳೂ ಒಂದೇ ಬಗೆಯವು. ಒಂದು ಮನೆಯಲ್ಲಿ ಅದನ್ನು ಮಗಳು ಆರಿಸಿಕೊಂಡಳು. ಇನ್ನೊಂದರಲ್ಲಿ ಅವಳಿಗಾಗಿ ಬೇರೆಯವರು ಆರಿಸಿದರು. ನಾವು ಹೇಳಬೇಕಾದ ಮಾತು ಇದೇ. ದೂರ ಶಿಕ್ಷಣವು ಒಳ್ಳೆಯ ಮಾರ್ಗವಾಗಿರುವದು, ಆದರೆ ಸ್ವಲೀನತೆಯುಳ್ಳ ಮಗಳನ್ನು ಕೇಳದೆ ಅವಳನ್ನು ಆ ಮಾರ್ಗಕ್ಕೆ ಹಚ್ಚುವದು ನ್ಯಾಯವಲ್ಲ. ಬಾಯಿಮಾತಿನಲ್ಲಿ ಉತ್ತರ ಕೊಡದವಳು ಬರೆದು ಕೊಡಬಹುದು. ಬರೆಯದವಳು ಎರಡು ಚಿತ್ರಗಳಲ್ಲಿ ಒಂದರ ಮೇಲೆ ಬೆರಳಿಡಬಹುದು. ಅದನ್ನೂ ಮಾಡದವಳು ಎರಡು ಕಡೆಗೂ ಕೆಲವು ದಿನ ಹೋಗಿಬಂದ ಮೇಲೆ ಎಲ್ಲಿ ಶಾಂತಳಾಗಿದ್ದಳೆಂಬದನ್ನು ತಾಯಿಯಾದವಳು ಅರಿಯಬಹುದು. ಕೇಳುವ ಬಗೆಗಳು ಇಷ್ಟಿರುವಾಗ, ಅವಳಿಗೆ ತಿಳಿಯುವದಿಲ್ಲವೆಂದು ಹೇಳುವದು ನಮ್ಮ ಸೋಮಾರಿತನವನ್ನು ಅವಳ ಮೇಲೆ ಹೊರಿಸಿದಂತೆ.

ಪಾಲಕರ ಆಕ್ಷೇಪಣೆಗಳನ್ನು ನಾವು ಕೇಳಿದ್ದೇವೆ. 20–25 ಕಿಲೋಮೀಟರಿನ ಬಸ್ಸಿನ ದಾರಿಯಲ್ಲಿ ಅವಳಿಗೆ ಯಾರಾದರೂ ತೊಂದರೆ ಕೊಟ್ಟರೆ ಹೇಗೆ ಎಂದು ತಾಯಂದಿರು ಕೇಳುವರು. ಈ ಅಂಜಿಕೆಗೆ ಕಾರಣವಿಲ್ಲವೆಂದು ನಾವು ಹೇಳಲಾರೆವು. ಆದರೆ ಜೊತೆಗೊಬ್ಬ ಗೆಳತಿಯನ್ನು ಗೊತ್ತುಮಾಡುವದು, ಮೊದಲ ತಿಂಗಳು ಮನೆಯವರೊಬ್ಬರು ಹೋಗಿಬರುವದು ಮುಂತಾದ ಉಪಾಯಗಳನ್ನು ಉಳಿದ ಹೆಣ್ಣುಮಕ್ಕಳ ವಿಷಯದಲ್ಲಿ ಮಾಡಿದಂತೆಯೇ ಇಲ್ಲಿಯೂ ಮಾಡಬಹುದಲ್ಲವೆ? ಹಾಗೆಯೇ, ಮನೆಯಲ್ಲಿ ಓದಿಸಿದರೆ ಖರ್ಚು ಕಡಿಮೆಯೆನ್ನುವವರುಂಟು. ಶುಲ್ಕವು ಕಡಿಮೆಯೆಂಬದು ನಿಜ. ಆದರೆ ಮನೆಯ ಓದಿಗೆ ದಿನದ ವೇಳೆಯನ್ನು ಹಾಕಿಕೊಡುವವರು, ಅಭ್ಯಾಸಗಳನ್ನು ಒಪ್ಪಿಸುವ ತಾರೀಖನ್ನು ನೆನಪಿಡುವವರು, ಕಚೇರಿಯ ಕಾಗದಗಳನ್ನು ನೋಡಿಕೊಳ್ಳುವವರು ಒಬ್ಬರು ಬೇಕು. ಅನೇಕ ಸ್ವಲೀನ ಮಕ್ಕಳಿಗೆ ಓದುವದಕ್ಕಿಂತ ಓದನ್ನು ಆರಂಭಿಸುವದೇ ಕಠಿಣ. ಗಂಟೆ ಬಾರಿಸುವವರಿಲ್ಲದ ಶಾಲೆಯಲ್ಲಿ ಗಂಟೆಯ ಕೆಲಸವನ್ನು ಮನೆಯವರೇ ಮಾಡಬೇಕಾಗುವದು. ಆ ಭಾರವನ್ನು ಹೊರಲು ಸಿದ್ಧರಿಲ್ಲದವರು ಪುಸ್ತಕಗಳ ಕಟ್ಟನ್ನು ತರಿಸಿಟ್ಟ ಮಾತ್ರಕ್ಕೆ ಮಗಳನ್ನು ಓದಿಸಿದಂತಾಗಲಿಲ್ಲ.

ಕಾಲೇಜುಗಳನ್ನು ನಡಿಸುವವರಿಗೂ ನಮ್ಮದೊಂದು ಮಾತಿದೆ. ವಚನಗಳನ್ನು ಸಂಗ್ರಹಿಸಿ ಕಾಪಾಡಿದ ಫ. ಗು. ಹಳಕಟ್ಟಿಯವರು 1910ರಲ್ಲಿ ಈ ಜಿಲ್ಲೆಯ ಮಕ್ಕಳ ವಿದ್ಯೆಗಾಗಿ ಸಂಸ್ಥೆಯನ್ನು ಕಟ್ಟಿದ ಊರಿದು. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವು ಸ್ಥಾಪಿತವಾದದ್ದೂ ಇಲ್ಲಿಯೇ. 2017ರಲ್ಲಿ ಅದಕ್ಕೆ ಅಕ್ಕಮಹಾದೇವಿಯ ಹೆಸರನ್ನಿಟ್ಟರು. ಲೋಕದ ರೂಢಿಗೆ ಒಗ್ಗದೆ ತನ್ನ ದಾರಿಯಲ್ಲಿ ನಡೆದ ಹೆಣ್ಣುಮಗಳ ಹೆಸರದು. ಆ ಹೆಸರನ್ನು ಹೊತ್ತ ಊರಿನಲ್ಲಿ, ರೂಢಿಗೆ ಒಗ್ಗದ ಹುಡುಗಿಯನ್ನು ಕಾಲೇಜಿನ ಬಾಗಿಲಿನಿಂದಲೇ ಅಂಚೆಯ ಶಿಕ್ಷಣಕ್ಕೆ ಕಳಿಸಿಬಿಡುವದು ಶೋಭಿಸುವದಿಲ್ಲ. ಅವಳು ಕೇಳುವದು ಬಹಳವಿಲ್ಲ. ಬಾಗಿಲ ಹತ್ತಿರದ ಒಂದು ಸ್ಥಳ, ತಲೆ ತುಂಬಿದಾಗ ಹತ್ತು ನಿಮಿಷ ಹೊರಗೆ ಹೋಗಲಿಕ್ಕೆ ಅನುಮತಿ, ಗ್ರಂಥಾಲಯದಲ್ಲಿ ಒಂದು ಶಾಂತವಾದ ಮೂಲೆ, ಬಾಯಲ್ಲಿ ಹೇಳಿದ ಸೂಚನೆಯನ್ನು ಹಲಗೆಯ ಮೇಲೆ ಬರೆಯುವ ಪದ್ಧತಿ, ವೇಳಾಪತ್ರಿಕೆ ಬದಲಾಗುವದಿದ್ದರೆ ಮುಂದಾಗಿ ತಿಳಿಸುವದು. ಇದರಲ್ಲಿ ಯಾವದಕ್ಕೂ ಹೊಸ ಕಟ್ಟಡ ಬೇಕಾಗಿಲ್ಲ. ದೂರ ಶಿಕ್ಷಣವೆಂಬದು ಇರುವದರಿಂದ ನಮ್ಮ ಕರ್ತವ್ಯವು ಮುಗಿಯಿತೆಂದು ಕಾಲೇಜು ತಿಳಿದರೆ, ಮಕ್ಕಳಿಗೆ ಅನುಕೂಲವಾಗಲೆಂದು ತೆರೆದ ಬಾಗಿಲೇ ಅವರನ್ನು ಹೊರಗಿಡುವ ಬಾಗಿಲಾದೀತು.

ಕ್ಯಾನರರು ವರ್ಣಿಸಿದ 11 ಮಕ್ಕಳಲ್ಲಿ ಮೊದಲನೆಯವನಾದ ಡೊನಾಲ್ಡ್ ಟ್ರಿಪ್ಲೆಟ್ ಎಂಬವನು ಅಮೇರಿಕೆಯ ಮಿಸಿಸಿಪಿ ಸಂಸ್ಥಾನದ ಫಾರೆಸ್ಟ್ ಎಂಬ ಚಿಕ್ಕ ಊರಿನವನು. ಅವನು ಕಾಲೇಜಿಗೆ ಹೋದನು. 1958ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪದವಿಯನ್ನು ಪಡೆದನು. ಮರಳಿ ತನ್ನ ಊರಿಗೆ ಬಂದು ಮನೆತನದ ಬ್ಯಾಂಕಿನಲ್ಲಿ ಬಹುಕಾಲ ಕೆಲಸ ಮಾಡಿ 2023ರಲ್ಲಿ, 89ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಅವನ ಮನೆತನವು ಧನವಂತವಾಗಿತ್ತೆಂಬದು ನಿಜ. ಆದರೆ ಧನವೊಂದರಿಂದಲೇ ಅದು ಆಗಲಿಲ್ಲ; ಊರಿನವರು ಅವನ ಬಗೆಯನ್ನು ಬಲ್ಲವರಾಗಿ ಅವನನ್ನು ತಮ್ಮವನೆಂದು ನಡಿಸಿಕೊಂಡರು. ತಿಕೋಟಾ ಬಬಲೇಶ್ವರಗಳೂ ಅಂಥ ಊರುಗಳೇ. ಯಾರ ಮಗಳು ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಈ ಪರಿಚಯವು ನಿಂದೆಗೂ ಆಗಬಹುದು, ನೆರವಿಗೂ ಆಗಬಹುದು.

ಆದದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಮ್ಮ ಶಾಲೆಯಂಥ ಶಾಲೆಗಳ ಮೊದಲ ಕಾಲದಲ್ಲಿ ಶಿಕ್ಷಕಿಯರು ಮನೆಗಳಿಗೆ ನಡೆದುಹೋಗಿ, ಹೊರಗೆ ಬಾರದ ಹೆಂಗಸರಿಗೆ ಅಕ್ಷರವನ್ನೂ ಹೊಲಿಗೆಯನ್ನೂ ಕಲಿಸಿದರು. ಮನೆಗೆ ಪಾಠವನ್ನು ಒಯ್ಯುವದು ನಮಗೆ ಹೊಸ ವಿದ್ಯೆಯಲ್ಲ. ಆದರೆ ಆ ಶಿಕ್ಷಕಿಯರು ಪುಸ್ತಕವನ್ನು ಹೊಸ್ತಿಲ ಮೇಲಿಟ್ಟು ಮರಳಲಿಲ್ಲ. ಒಳಗೆ ಹೋಗಿ ಪಕ್ಕದಲ್ಲಿ ಕುಳಿತರು. ಈಗಲೂ ಬೇಕಾದದ್ದು ಅದೇ. ನಿಮ್ಮ ಓಣಿಯಲ್ಲಿ ದೂರ ಶಿಕ್ಷಣದಿಂದ ಓದುವ ಇಂಥ ಮಗಳಿದ್ದರೆ ವಾರಕ್ಕೊಂದು ಸಲ, ಗೊತ್ತುಮಾಡಿದ ಅದೇ ವೇಳೆಗೆ, ಅವಳ ಪಕ್ಕದಲ್ಲಿ ಒಂದು ತಾಸು ಕುಳಿತುಕೊಳ್ಳಿರಿ; ಮಾತಾಡಲೇಬೇಕೆಂಬ ನಿಯಮವಿಲ್ಲ. ಅರ್ಜಿ ತುಂಬುವದು ಬಲ್ಲವರು ಪಾಲಕರ ಅರ್ಜಿಯನ್ನು ತುಂಬಿಕೊಡಿರಿ. ಪರೀಕ್ಷೆಗೆ ಮುಂಚಿನ ದಿನ ಕೋಣೆಯನ್ನು ತೋರಿಸಲಿಕ್ಕೆ ಜೊತೆಗೆ ಹೋಗಿರಿ. ಕಾಲೇಜುಗಳಲ್ಲಿ ಕಲಿಸುವ ನಮ್ಮ ಸೋದರಿಯರು, ಬಾಗಿಲ ಹತ್ತಿರದ ಆ ಒಂದು ಸ್ಥಳವನ್ನು ಕೇಳುವ ಮೊದಲೇ ಕಾದಿಡಿರಿ. ಮೊಟ್ಟಮೊದಲಾಗಿ, ಬಂಧುಗಳ ಮನೆಗೆ ಹೋದಾಗ ಅಣ್ಣನ ಓದನ್ನೂ ತಂಗಿಯ ಅಂಕಗಳನ್ನೂ ವಿಚಾರಿಸಿದ ಮೇಲೆ ಮಾತನ್ನು ತಿರುಗಿಸದೆ ಅವಳನ್ನೂ ಕೇಳಿರಿ, ಮುಂದೆ ಏನನ್ನು ಓದಬೇಕೆಂದಿರುವೆ ಎಂದು. ಉತ್ತರಕ್ಕಾಗಿ ತುಸು ಹೆಚ್ಚು ಹೊತ್ತು ಕಾಯಬೇಕಾದೀತು.

ಬಬಲೇಶ್ವರದ ಆ ಮಗಳ ವಿಷಯವು ಈ ಸಂಚಿಕೆಯು ಅಚ್ಚಿಗೆ ಹೋಗುವ ವರೆಗೆ ನಿರ್ಣಯವಾಗಿಲ್ಲ. ತಂದೆಯು ವಹಿಯ ಕೊನೆಯ ಹಾಳೆಯನ್ನು ನೋಡಿದನು, ಏನೂ ಹೇಳಲಿಲ್ಲ. ಕಳೆದ ವಾರ ಅವನು ಮಗಳೊಡನೆ ಬೆಳಗಿನ ಬಸ್ಸನ್ನೇರಿ ನಗರದ ವರೆಗೆ ಹೋಗಿ, ಕಾಲೇಜಿನ ಹೊರಗಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತು, ಅವಳು ಬರೆದಿಟ್ಟ ಮರಳುವ ಬಸ್ಸಿನಲ್ಲಿಯೇ ಮರಳಿದನೆಂದು ಕೇಳಿದ್ದೇವೆ. ಬಸ್ಸು ನಾಲ್ಕು ನಿಮಿಷ ತಡವಾಗಿ ಬಂತೆಂದು ಅವಳು ವಹಿಯಲ್ಲಿ ಬರೆದುಕೊಂಡಳಂತೆ. ಮುಂದಿನ ವರ್ಷದ ಪ್ರವೇಶಕ್ಕೆ ಇನ್ನೂ ಕಾಲವಿದೆ.